ಮೌಸಿನ ಹೊಟ್ಟೆಗೆ ಕುಂಕುಮ

ಅನುಸೂಯ ಮನೆಗೆ ಬೀಗ ಹಾಕಿದರೆ ಒಮ್ಮೆ ಎಳೆದು ನೋಡುತ್ತಿದ್ದಳು. ಬೀದಿಯ ತಿರುವಿನವರೆಗೆ ಹೋಗಿ, ಎಳೆದದ್ದು ನಿಜವೋ ತನ್ನ ಭ್ರಮೆಯೋ ಎಂದು ವಾಪಸು ಬಂದು ಇನ್ನೊಮ್ಮೆ ಎಳೆಯುತ್ತಿದ್ದಳು. ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದ ಮೇಲೂ, ಇದು ಕರೇಕಲ್ಲಹಳ್ಳಿಗೇ ಹೋಗುತ್ತದೆಯೇ ಎಂದು ಕೇಳದೆ ಕೂರುತ್ತಿರಲಿಲ್ಲ. ವರ್ಷಗಟ್ಟಲೆಯಿಂದ ಅದೇ ಬಸ್ಸು, ಅದೇ ಕಂಡಕ್ಟರ್. ಅವನು ಈಗೀಗ ಅವಳು ಬಾಯಿ ತೆರೆಯುವ ಮೊದಲೇ, "ಹ್ಞೂ ಮೇಡಂ, ಕರೇಕಲ್ಲಹಳ್ಳಿಗೇ ಹೋಗ್ತೈತೆ, ಕುಂತ್ಕಳ್ರಿ" ಎಂದುಬಿಡುತ್ತಿದ್ದ.

ಇಂಥವಳ ಹೆಗಲಿಗೆ ಒಂದು ಕಂಪ್ಯೂಟರಿನ ಭಾರ ಬಿತ್ತು.

ಕರೇಕಲ್ಲಹಳ್ಳಿ ಮತ್ತೋಡಿನ ಆಚೆಗಿರುವ ಊರು. ಅಲ್ಲಿನ ಸರ್ಕಾರಿ ಪ್ರೌಢಶಾಲೆಗೆ ಎರಡು ಸಾವಿರದ ಎರಡನೇ ಇಸವಿಯ ಮುಂಗಾರಿನಲ್ಲಿ, ಗಣಿತ ವಿಜ್ಞಾನ ಕಲಿಸಲೆಂದು ಒಂದು ಕಂಪ್ಯೂಟರ್ ಬಂತು. ತೆಂಗಿನಕಾಯಿ ಒಡೆದು ಅದನ್ನು ಜೀಪಿನಿಂದ ಇಳಿಸಿಕೊಂಡರು. ಹೆಡ್‌ಮಾಸ್ಟರ್ ಏಕಾಂತಪ್ಪನವರು ಸಾಮಾನು ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಕಿಟಕಿಗೆ ಹಸಿರು ಪರದೆ ಕಟ್ಟಿಸಿದರು. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು. ಕೆಮ್ಮಿರುವವರು ಹೊಸ್ತಿಲಾಚೆ ನಿಲ್ಲಬೇಕು. ಬೀಗದ ಕೈ ಅವರ ಉಡಿದಾರದಲ್ಲಿ ತೂಗುತ್ತಿತ್ತು.

ಏಕಾಂತಪ್ಪನವರು ಕೆಟ್ಟವರಲ್ಲ. ಹಣೆಗೆ ಮೂರೆಳೆ ವಿಭೂತಿ ಧರಿಸಿ ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು ಬಂದು ನಿಲ್ಲುವ, ಮಕ್ಕಳು ಕುಡಿಯುವ ನೀರಿನ ತೊಟ್ಟಿ ಪಾಚಿಗಟ್ಟಿದರೆ ತಾವೇ ಪೊರಕೆ ಹಿಡಿದು ಇಳಿಯುವ ಮನುಷ್ಯ. ಆದರೆ ಬೆಲೆಬಾಳುವ ವಸ್ತುವನ್ನು ಮುಟ್ಟಿದರೆ ಸವೆಯುತ್ತದೆ ಎಂಬುದು ಅವರ ಎಣಿಕೆ. ಶನಿವಾರ ಶಾಲೆ ಬಿಡುವ ಮುಂಚೆ ಕೋಣೆ ತೆಗೆದು, ಕಂಪ್ಯೂಟರನ್ನು ಹೊತ್ತಿಸಿ, ಮಕ್ಕಳನ್ನು ಸಾಲಾಗಿ ಬಿಡುತ್ತಿದ್ದರು. ಮಕ್ಕಳು ಕೈಕಟ್ಟಿಕೊಂಡು ಒಳಗೆ ಬಂದು, ನೀಲಿ ಬೆಳಕನ್ನು ನೋಡಿ, ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತಿದ್ದರು. ಒಂಬತ್ತನೇ ಕ್ಲಾಸಿನ ಮಾರುತೇಶ ಒಮ್ಮೆ ಹೊರಗೆ ಬಂದವನೇ ಅಂಗೈ ಚಾಚಿ, "ತೀರ್ಥ ಕೊಡ್ರಿ ಸಾರ್" ಎಂದು ಕೇಳಿ ಬೆನ್ನಿಗೆ ಗುದ್ದು ತಿಂದಿದ್ದ.

ಚಿತ್ರದುರ್ಗದಲ್ಲಿ ನಡೆದ ತರಬೇತಿಗೆ ಗಣಿತದ ಟೀಚರೆಂದು ಅನುಸೂಯಳನ್ನೇ ಕಳಿಸಿದರು. ಅವಳು ಹೋಗುವಾಗ ಹೆದರಿದ್ದಳು, ಬರುವಾಗ ಇನ್ನಷ್ಟು ಹೆದರಿದ್ದಳು. ಆದರೂ ಒಂದು ಸಂಗತಿ ಅವಳ ಮನಸ್ಸನ್ನು ಹಿಡಿದುಬಿಟ್ಟಿತ್ತು. ಪರದೆಯ ಮೇಲೆ ಗೆರೆ ಎಳೆಯುವಾಗ ತಪ್ಪಿದರೆ ಕೀಲಿಮಣೆಯ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರಾಯಿತು, ಆ ತಪ್ಪು ಆಗಿಯೇ ಇರಲಿಲ್ಲವೆಂಬಂತೆ ಮಾಯವಾಗುತ್ತಿತ್ತು. ಗದರಿಕೆ ಇಲ್ಲ, ಕಲೆ ಇಲ್ಲ, ಅಳಿಸಿದ ಗುರುತಿಲ್ಲ. ಲೋಕದಲ್ಲಿ ಇಂಥದ್ದೊಂದು ಏರ್ಪಾಡು ಇರಬಹುದೆಂದು ಅವಳು ಎಣಿಸಿರಲಿಲ್ಲ. ಮಕ್ಕಳು ತಪ್ಪಲು ಹೆದರಿಯೇ ಗಣಿತದಿಂದ ದೂರ ಓಡುತ್ತಾರೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವರ ಕೈಗೆ ಇದೊಂದು ಸಿಕ್ಕರೆ ಎಂದು ಬಸ್ಸಿನಲ್ಲಿ ಕೂತು ಆಸೆಪಡುತ್ತಿದ್ದಳು.

ಆಗ ಒಂಬತ್ತನೇ ಕ್ಲಾಸಿಗೆ ನಕ್ಷೆಯ ಪಾಠ ನಡೆಯುತ್ತಿತ್ತು. ಅಡ್ಡ ಗೆರೆ ಎಕ್ಸ್, ನಿಂತ ಗೆರೆ ವೈ. ಒಂದು ಬಿಂದು ಎಲ್ಲಿದೆ ಎಂದು ಹೇಳಲು ಎರಡು ಸಂಖ್ಯೆ ಬೇಕು, ಮೊದಲು ಅಡ್ಡ, ಆಮೇಲೆ ಮೇಲಕ್ಕೆ. ಮೂರು-ಐದು ಎಂದರೆ ಮಕ್ಕಳಲ್ಲಿ ಅರ್ಧ ಜನ ಐದು-ಮೂರಕ್ಕೆ ಹೋಗಿ ಚುಕ್ಕಿ ಇಡುತ್ತಿದ್ದರು. ಮಾರುತೇಶನದು ಇನ್ನೂ ಮೂಲದ ತಕರಾರು.

"ಎರಡ್ಯಾಕೆ ಮಿಸ್? ಒಂದೇ ನಂಬರಲ್ಲಿ ಹೇಳಾಕಾಗಲ್ವಾ? ನಮ್ ಮನೆ ನಂಬರ್ ಒಂದೇ ಐತೆ, ಪೋಸ್ಟು ಸರಿಯಾಗೇ ಬರ್ತದೆ."

"ನಿಮ್ಮನೆಗೆ ಯಾರ್ಲೇ ಕಾಗದ ಬರೀತಾರೆ?" ಎಂದಳು ಹಿಂದಿನಿಂದ ಪಲ್ಲವಿ. ಆ ಹುಡುಗಿ ಲೆಕ್ಕ ಬರದಿದ್ದರೆ ಸುಮ್ಮನಿರುವವಳಲ್ಲ, ಬಂದರೂ ಸುಮ್ಮನಿರುವವಳಲ್ಲ.

ಅನುಸೂಯ ಬಸ್ಸಿನ ಸೀಟಿನ ಉದಾಹರಣೆ ಕೊಟ್ಟಳು, ತೆಂಗಿನ ತೋಟದ ಸಾಲಿನ ಉದಾಹರಣೆ ಕೊಟ್ಟಳು. ಮಾರುತೇಶ ತಲೆಯಾಡಿಸಿದ. ತಿಳಿಯದಿದ್ದಾಗ ಟೀಚರಿಗೆ ಬೇಜಾರಾಗಬಾರದೆಂದು ಮಕ್ಕಳು ಆಡಿಸುವ ತಲೆ ಅದು ಎಂಬುದು ಅವಳಿಗೆ ಕಾಣುತ್ತಿತ್ತು.

ದಸರಾ ರಜೆಗೆ ಮುಂಚೆ ಏಕಾಂತಪ್ಪನವರು ಚಿತ್ರದುರ್ಗದ ಮೀಟಿಂಗಿಗೆ ಹೋಗಿ ಬಂದರು. ಬಂದವರ ಮುಖ ಬಾಡಿತ್ತು.

"ಅನುಸೂಯಮ್ಮ, ಪಾಠಕ್ಕೆ ಬಳಸದೆ ಇರೋ ಶಾಲೆಗಳಿಂದ ಕಂಪ್ಯೂಟರ್ ವಾಪಸ್ ತಗಂತಾರಂತೆ. ಹಿರಿಯೂರಿನ ಕಡೆ ದೊಡ್ಡ ಶಾಲೆಯೋರು ನಮಗೆ ಇನ್ನೊಂದು ಬೇಕು ಅಂತ ಕುಂತಾರಂತೆ. ರಜೆ ಮುಗಿದ ಸೋಮವಾರ ವಿಷಯ ಪರಿವೀಕ್ಷಕರು ಬರ್ತಾರೆ. ಜುಂಜಯ್ಯ ಅಂತ. ಒಂದು ಪಾಠ ನೋಡ್ತಾರೆ. ಸರಿ ಕಂಡ್ರೆ ಉಳೀತು, ಇಲ್ಲಾಂದ್ರೆ ಅವತ್ತೇ ಬರ್ಕಂಡು ಹೋಗ್ತಾರೆ."

"ಬಳಸ್ತಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಯ್ತು ಸಾರ್?"

"ನಾನೇ ಹೇಳ್ದೆ! ಹೊಸದರಂಗೆ ಇಟ್ಟಿದೀನಿ, ಒಂದು ಗೀರು ಬಿದ್ದಿಲ್ಲ, ಯಾರನ್ನೂ ಮುಟ್ಟಾಕೆ ಬಿಟ್ಟಿಲ್ಲ ಅಂತ. ಶಭಾಷ್ ಅಂತಾರೆ ಅಂದ್ಕಂಡಿದ್ದೆ." ಅವರು ಉಡಿದಾರದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡರು. "ಮಗು ನೋಡ್ಕಂಡಂಗೆ ನೋಡ್ಕಂಡೆ ಕಣಮ್ಮ. ಅದೇ ತಪ್ಪಾಯ್ತಂತೆ."

ಅನುಸೂಯಳಿಗೆ ನಗುವೂ ಬಂತು, ಭಯವೂ ಆಯಿತು. ಅಲ್ಲಿಂದ ಮುಂದೆ ಸಂಜೆಯ ಬಸ್ಸಿನವರೆಗೆ ಆ ಕೋಣೆಯಲ್ಲಿ ಕೂರಲು ಅವಳಿಗೆ ಅಪ್ಪಣೆ ಸಿಕ್ಕಿತು. ಹೆಡ್‌ಮಾಸ್ಟರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಅವಳ ಬೆರಳುಗಳನ್ನೇ ನೋಡುತ್ತ ಕೂರುತ್ತಿದ್ದರು. ಅವಳು ಕಂಪ್ಯೂಟರಿನ ಚಿತ್ರ ಬಿಡಿಸುವ ಹಾಳೆಯಲ್ಲಿ ಚೌಕಗಳ ಜಾಲ ಎಳೆದಳು, ಅಡ್ಡ ಗೆರೆಗೂ ನಿಂತ ಗೆರೆಗೂ ಸಂಖ್ಯೆ ಬರೆದಳು, ಅಂಚಿಗೊಂದು ತೆಂಗಿನ ಮರ ಬಿಡಿಸಿದಳು. ತಾನು ಹೇಳಿದ ಜಾಗಕ್ಕೆ ಮಕ್ಕಳು ಮೌಸಿನಲ್ಲಿ ಬಾಣವನ್ನು ಒಯ್ದು ಒಂದು ಹಸಿರು ಕಾಯಿ ಇಡಬೇಕು. ಇಷ್ಟೇ ಪಾಠ. ಮರ ಮೊದಲು ಪೊರಕೆಯಂತೆ ಕಂಡಿತು. ಎರಡು ಕೀಲಿ ಒತ್ತಿ ಅಳಿಸಿ ಮತ್ತೆ ಬಿಡಿಸಿದಳು.

ರಜೆಯಲ್ಲಿ ಆಯುಧಪೂಜೆ ಬಂತು. ಏಕಾಂತಪ್ಪನವರು ಎಲ್ಲರನ್ನೂ ಶಾಲೆಗೆ ಕರೆಸಿದರು. ಶಾಲೆಯ ಗಂಟೆ, ಪ್ರಯೋಗದ ತಕ್ಕಡಿ, ಬೋರ್‌ವೆಲ್ಲಿನ ಮೋಟಾರು, ಅವರ ಹಳೇ ಲೂನಾ, ಎಲ್ಲಕ್ಕೂ ಪೂಜೆ. ಕಂಪ್ಯೂಟರಿಗೆ ಸೇವಂತಿಗೆ ಹಾರ ಬಿತ್ತು, ಪರದೆಯ ಮೇಲ್ಭಾಗಕ್ಕೆ ಮೂರೆಳೆ ವಿಭೂತಿ ಬಂತು. ಅಟೆಂಡರ್ ಚಂದ್ರಕ್ಕ ಹರಳೆಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು ಒಂದೊಂದಕ್ಕೂ ಬೊಟ್ಟಿಡುತ್ತ ಬಂದಳು. ಎಣ್ಣೆಯಲ್ಲಿ ಕಲಸಿದರೆ ಕುಂಕುಮ ಉದುರುವುದಿಲ್ಲ.

ಅನುಸೂಯಳ ಕಣ್ಣೆಲ್ಲ ನೀರಿನ ಮೇಲಿತ್ತು. ಏಕಾಂತಪ್ಪನವರ ಕೈಯಲ್ಲಿ ಕಳಶ, ಮಾವಿನೆಲೆ. ಅವರು ಲೂನಾಕ್ಕೆ ಚಿಮುಕಿಸಿದ್ದರು, ಮೋಟಾರಿಗೆ ಚಿಮುಕಿಸಿದ್ದರು, ಈಗ ಕಂಪ್ಯೂಟರಿನತ್ತ ಬರುತ್ತಿದ್ದರು.

"ಸಾರ್, ನೀರು ಬೇಡ."

"ಪ್ರೋಕ್ಷಣೆ ಮಾಡ್ದೆ ಪೂಜೆ ಆಗ್ತದೇನಮ್ಮ?"

"ಒಳಗೆ ಕರೆಂಟಿದೆ ಸಾರ್. ಬೇಕಾದರೆ ಮೇಜಿಗೆ ಮಾಡಿ. ಮೇಜಿನ ಕಾಲಿಗೆ."

ಏಕಾಂತಪ್ಪನವರು ಯೋಚಿಸಿ, ಮೇಜಿನ ನಾಲ್ಕೂ ಕಾಲುಗಳಿಗೆ ಶ್ರದ್ಧೆಯಿಂದ ನೀರು ಚಿಮುಕಿಸಿದರು. ಅವರ ಕೈ ಎಲ್ಲಿ ಜಾರೀತೋ ಎಂದು ಅನುಸೂಯ ರೆಪ್ಪೆ ಮಿಟುಕಿಸದೆ ಆ ಮಾವಿನೆಲೆಯನ್ನೇ ನೋಡುತ್ತಿದ್ದಳು. ಅವಳ ಬೆನ್ನ ಹಿಂದೆ ಚಂದ್ರಕ್ಕ ಏನು ಮಾಡಿದಳೆಂಬುದನ್ನು ನೋಡಲಿಲ್ಲ. ಎಲ್ಲವನ್ನೂ ನೋಡುವವಳ ಕಣ್ಣು ತಪ್ಪಿದ್ದು ಅದೊಂದೇ.

ಮಾರನೆಯ ದಿನ ವಿಜಯದಶಮಿ. ಪೂಜೆಗಿಟ್ಟ ವಸ್ತುವನ್ನು ಅಂದು ಉತ್ತರಕ್ಕೆ ಒಂದಿಷ್ಟು ಸರಿಸಿ, ಅಂದರೆ ಪೂಜೆ ಕದಲಿಸಿ, ಆಮೇಲೆ ಬಳಸುವುದು ವಾಡಿಕೆ. ಕದಲಿಸುವ ತನಕ ಯಾರೂ ಮುಟ್ಟುವಂತಿಲ್ಲ. ಆದರೆ ಆ ವರ್ಷ ವಿಜಯದಶಮಿ ಮಂಗಳವಾರ ಬಿತ್ತು. ಮಂಗಳವಾರ ಪೂಜೆ ಕದಲಿಸಬಾರದು, ನಾಳೆ ಮಾಡೋಣ ಎಂದರು ಏಕಾಂತಪ್ಪನವರು. ಬುಧವಾರ ಬೆಳಗಾಗುವಷ್ಟರಲ್ಲಿ ಹಿರಿಯೂರಿನಿಂದ ಅವರ ಮಗಳಿಗೆ ಗಂಡುಮಗುವಾದ ಸುದ್ದಿ ಬಂತು. ಅವರು ಸಿಕ್ಕಿದ ಬಸ್ಸು ಹತ್ತಿದರು. ಬೀಗದ ಕೈಯೂ ಅವರ ಉಡಿದಾರದಲ್ಲೇ ಹಿರಿಯೂರಿಗೆ ಹೋಯಿತು.

ಅನುಸೂಯ ರಜೆಯಿಡೀ ಮನೆಯಲ್ಲಿ ಸಾಬೂನಿನ ಡಬ್ಬಿಯನ್ನೇ ಮೌಸೆಂದು ಮೇಜಿನ ಮೇಲೆ ಸರಿಸುತ್ತ ಪಾಠ ಅಭ್ಯಾಸ ಮಾಡಿದಳು.

ಸೋಮವಾರ ಅವಳು ಎಲ್ಲರಿಗಿಂತ ಮೊದಲು ಬಂದು ಮುಚ್ಚಿದ ಕೋಣೆಯ ಮುಂದೆ ನಿಂತಳು. ಹೊತ್ತಾದರೂ ಹೆಡ್‌ಮಾಸ್ಟರ್ ಇಲ್ಲ. ಪ್ರಾರ್ಥನೆ ಮುಗಿಯಿತು. ಕೊನೆಗೆ ಬಸ್ಸು ಬಂತು, ಏಕಾಂತಪ್ಪನವರು ಇಳಿದರು. ಅವರ ಹಿಂದೆಯೇ ಕಂಕುಳಲ್ಲಿ ಚೀಲ ಅವುಚಿಕೊಂಡ, ಸಣಕಲು ದೇಹದ ಒಬ್ಬರು ಇಳಿದರು.

"ದಾರೀಲಿ ಪರಿಚಯ ಆಯ್ತು," ಎಂದರು ಏಕಾಂತಪ್ಪನವರು ಬಿಳಿಚಿದ ಮುಖದಲ್ಲಿ. "ಜುಂಜಯ್ಯನೋರು. ಪಕ್ಕದಲ್ಲೇ ಕುಂತಿದ್ರು. ನಾನು ಹಿರಿಯೂರಿಂದ ಅವರಿಗೆ ಮೊಮ್ಮಗನ ವಿಚಾರ ಹೇಳ್ಕಂಡು ಬಂದೆ, ಇವರೇ ಅಂತ ಗೊತ್ತಿರ್ಲಿಲ್ಲ."

"ಮೂರೂವರೆ ಕೆಜಿ ಅಂತೆ," ಎಂದರು ಜುಂಜಯ್ಯ ದಣಿದ ದನಿಯಲ್ಲಿ. "ಪಾಠ ನೋಡಾಣ ನಡೀರಿ ಮೇಡಂ. ಮಧ್ಯಾಹ್ನದ ಬಸ್ಸಿಗೆ ನಾನು ಹೊರಡಬೇಕು."

ಬಾಗಿಲು ತೆರೆಯಿತು. ಬಾಡಿದ ಸೇವಂತಿಗೆಯ ವಾಸನೆ ಬಂತು. ಜುಂಜಯ್ಯ ಹಾರ ಹಾಕಿಕೊಂಡಿದ್ದ ಕಂಪ್ಯೂಟರನ್ನೂ ಏಕಾಂತಪ್ಪನವರನ್ನೂ ಒಂದೊಂದು ಸಲ ನೋಡಿದರು. ಏಕಾಂತಪ್ಪನವರು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕಣ್ಣುಮುಚ್ಚಿ, ಕಂಪ್ಯೂಟರನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟು ಉತ್ತರಕ್ಕೆ ಸರಿಸಿದರು. ಮಕ್ಕಳು ನೆಲದ ಮೇಲೆ ಒತ್ತೊತ್ತಾಗಿ ಕೂತರು. ಕೋಣೆಯ ಒಳಗೆ ಕೂತು ನೋಡುವುದು ಅವರಿಗೆ ಅದೇ ಮೊದಲು.

ಕರೆಂಟಿತ್ತು. ಕಂಪ್ಯೂಟರ್ ಗುಂಯ್‌ಗುಟ್ಟಿ ಎದ್ದಿತು. ಬಾಣ ಯಾಕೋ ಸೋಮಾರಿಯಂತೆ ಚಲಿಸಿತಾದರೂ ಅವಳ ಚೌಕದ ಹಾಳೆ, ತೆಂಗಿನ ಮರ ಪರದೆ ತುಂಬ ಬಂದವು. ಮಕ್ಕಳೆಲ್ಲ "ಓ" ಎಂದರು. ಅನುಸೂಯಳ ಎದೆ ಹಗುರಾಯಿತು.

"ಪಲ್ಲವಿ, ಬಾಮ್ಮ. ಮೂರು-ಐದಕ್ಕೆ ಒಂದು ಕಾಯಿ ಇಡು."

ಪಲ್ಲವಿ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮೌಸ್ ಹಿಡಿದಳು. ಬಾಣ ಅಡ್ಡಕ್ಕೆ ಓಡಿತು, ಮೂರರ ನೇರಕ್ಕೆ ಬಂದು ನಿಂತಿತು. ಮೌಸನ್ನು ಮೇಲಕ್ಕೆ ತಳ್ಳಿದಳು. ಬಾಣ ಅಲ್ಲಾಡಲಿಲ್ಲ. ಇನ್ನಷ್ಟು ತಳ್ಳಿದಳು. ಮೌಸ್ ಮೇಜಿನ ಅಂಚಿಗೆ ಹೋಯಿತು, ಬಾಣ ಇದ್ದಲ್ಲೇ ಇತ್ತು.

ಅನುಸೂಯ ತಾನೇ ಹಿಡಿದು ನೋಡಿದಳು. ಎಡಕ್ಕೆಳೆದರೆ ಎಡಕ್ಕೆ, ಬಲಕ್ಕೆಳೆದರೆ ಬಲಕ್ಕೆ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅಳಿಸುವ ಎರಡು ಕೀಲಿಗಳನ್ನು ಒತ್ತಿದಳು. ಅದಕ್ಕೆ ಅದು ಮದ್ದಲ್ಲವೆಂದು ಗೊತ್ತಿದ್ದೂ ಮತ್ತೊಮ್ಮೆ ಒತ್ತಿದಳು.

"ಕೆಟ್ಟೋಗೈತಾ?" ಎಂದರು ಜುಂಜಯ್ಯ, ಗಡಿಯಾರ ನೋಡಿಕೊಂಡು.

"ಪೂಜೆ ಆದ್ಮೇಲೆ ಯಾರೂ ಮುಟ್ಟೇ ಇಲ್ಲ ಸಾರ್, ಹೆಂಗೆ ಕೆಡ್ತದೆ?" ಎಂದರು ಏಕಾಂತಪ್ಪನವರು ಅಳುವ ದನಿಯಲ್ಲಿ.

"ಮಿಸ್, ಎಕ್ಸ್ ಬಂತು," ಎಂದಳು ಪಲ್ಲವಿ. "ವೈ ಬರ್ತಿಲ್ಲ."

ಅನುಸೂಯ ಅವಳತ್ತ ತಿರುಗಿದಳು. ಎಷ್ಟು ದಿನ ಬೋರ್ಡಿನ ಮೇಲೆ ಬರೆದರೂ ಯಾವ ಮಗುವೂ ತಾನಾಗಿ ಆಡದಿದ್ದ ಮಾತು ಅದು. ಭಯ ಹೋಗಲಿಲ್ಲ, ಆದರೆ ಭಯದ ಪಕ್ಕದಲ್ಲಿ ಇನ್ನೇನೋ ಬಂದು ಕೂತಿತು.

"ಮಾರುತೇಶ, ಎದ್ದು ಬಾ. ಒಂದೇ ನಂಬರ್ ಸಾಕು ಅಂತಿದ್ದೆಯಲ್ಲ? ಈಗ ನಿನಗೆ ಒಂದೇ ನಂಬರ್ ಕೊಟ್ಟಿದೀನಿ. ಎಕ್ಸ್ ಮಾತ್ರ. ಮರದ ತುದಿಗೆ ಹೋಗು ನೋಡೋಣ."

ಮಾರುತೇಶ ಬಂದು ಕೂತ. ಮೌಸಿನ ಗುಂಡಿ ಒತ್ತಿ ಹಿಡಿದೇ ಎಳೆದ. ಪರದೆಯ ಮೇಲೆ ಈ ತುದಿಯಿಂದ ಆ ತುದಿಗೆ ಉದ್ದನೆಯ ಹಸಿರು ಗೆರೆ ಬಿತ್ತು. ಮರದ ತುದಿ ಎಲ್ಲೋ ಮೇಲಿತ್ತು. ಸಿಟ್ಟಿನಿಂದ ಮೌಸನ್ನು ಮೇಜಿಗೆ ಕುಟ್ಟಿದ. ಬಾಣ ಒಂದಿಷ್ಟು ಕೆಳಗೆ ಜಿಗಿದು ಮತ್ತೆ ಸಿಕ್ಕಿಕೊಂಡಿತು. ಎಳೆದ, ಇನ್ನೊಂದು ಅಡ್ಡ ಗೆರೆ. ಕುಟ್ಟಿದ, ಎಳೆದ, ಮತ್ತೊಂದು.

"ಲೇ! ಕಂಪ್ಯೂಟರ್ ವಿಭೂತಿ ಹಚ್ಕಂತೈತೆ ಕಣ್ರಲೇ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಥೇಟ್ ನಮ್ ಹೆಡ್‌ಮೇಷ್ಟ್ರಂಗೆ!"

ಏಕಾಂತಪ್ಪನವರು ಪರದೆಯ ಮೇಲಿನ ಮೂರು ಗೆರೆಗಳನ್ನು ನೋಡಿದರು. ಅವರ ಕೈ ತಾನಾಗಿ ಹಣೆಗೆ ಹೋಯಿತು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು.

"ಹಸಿರು ವಿಭೂತಿ ಎಲ್ಲೂ ನೋಡಿರ್ಲಿಲ್ಲಪ್ಪ," ಎಂದು ಅವರು ನಕ್ಕದ್ದೇ ತಡ, ಕೋಣೆಯೆಲ್ಲ ನಕ್ಕಿತು. ಜುಂಜಯ್ಯನವರ ತುಟಿಯ ಒಂದು ಅಂಚು ಮೇಲಕ್ಕೆ ಹೋಯಿತು.

"ಈಗ ಹೇಳು," ಎಂದಳು ಅನುಸೂಯ. "ಒಂದೇ ನಂಬರಿದ್ರೆ ಎಲ್ಲೆಲ್ಲಿ ಹೋಗಬಹುದು?"

"ಒಂದು ಗೆರೆ ಮೇಲೆ ಅಷ್ಟೆಯಾ ಮಿಸ್," ಎಂದ ಮಾರುತೇಶ. ಮೂರು ಗೆರೆಗಳ ನಡುವಿನ ಖಾಲಿ ಜಾಗವನ್ನು ನೋಡುತ್ತಿದ್ದ. "ಗೆರೆ ಬಿಟ್ಟು ಆಚೆ ಹೋಗಬೇಕಂದ್ರೆ ಇನ್ನೊಂದು ಬೇಕು." ಈ ಸಲ ಅವನು ತಲೆಯಾಡಿಸಲಿಲ್ಲ.

ಅಷ್ಟರಲ್ಲಿ ಪಲ್ಲವಿ ಕೈಚಾಚಿ ಮೌಸನ್ನು ಅದರ ಮೂತಿ ಪಕ್ಕಕ್ಕೆ ಬರುವಂತೆ ತಿರುಗಿಸಿಟ್ಟಳು. "ಮಿಸ್, ಇದು ಅಡ್ಡಕ್ಕೆ ಮಾತ್ರ ಓಡ್ತದೆ ಅಂದ್ರೆ, ಇದನ್ನೇ ಅಡ್ಡ ತಿರುಗಿಸಿ ಮೇಲಕ್ಕೆ ತಳ್ಳಿದ್ರೆ ಬಾಣ ಮೇಲಕ್ಕೆ ಹೋಗ್ಬೇಕಲ್ವಾ?"

"ಹೋಗ್ತದೆ," ಎಂದ ಮಾರುತೇಶ.

"ಹೋಗಲ್ಲ," ಎಂದ ಇನ್ನೊಬ್ಬ.

"ಹೋಗುತ್ತೆ ಅನ್ನೋರು ಕೈ ಎತ್ತಿ," ಎಂದಳು ಅನುಸೂಯ. ಮಕ್ಕಳು ಕೈ ಎತ್ತಿದರು. ಓರೆಗಣ್ಣಿನಲ್ಲಿ ನೋಡಿದರೆ ಏಕಾಂತಪ್ಪನವರೂ ಎತ್ತಿದ್ದರು.

ಪಲ್ಲವಿ ಮೇಲಕ್ಕೆ ತಳ್ಳಿದಳು. ಬಾಣ ಮತ್ತೆ ಅಡ್ಡಕ್ಕೇ ಓಡಿತು.

"ಯಾಕೆ?" ಎಂದರು ಜುಂಜಯ್ಯ. ಅವರು ಕುರ್ಚಿಯ ತುದಿಗೆ ಬಂದಿದ್ದರು, ಚೀಲ ನೆಲಕ್ಕಿಳಿದಿತ್ತು. "ಯಾಕಮ್ಮ?"

ಪಲ್ಲವಿ ಹುಬ್ಬು ಗಂಟಿಕ್ಕಿದಳು. "ಒಳಗೆ ಎರಡು ಅವೆ ಸಾರ್. ಅಡ್ಡ ಹೋಗಿದ್ದನ್ನ ಎಣಿಸೋದು ಒಂದು, ಮೇಲೆ ಹೋಗಿದ್ದನ್ನ ಎಣಿಸೋದು ಒಂದು. ಅಡ್ಡದ್ದು ಎದ್ದೈತೆ. ಅದನ್ನ ಯಾವ ಕಡೆ ತಿರುಗಿಸಿದ್ರೂ ಅದಕ್ಕೆ ಬರೋ ಕೆಲಸ ಅದೊಂದೇ. ಇನ್ನೊಂದು ಮಲಗೈತೆ."

"ಇದೆಯೋ ಇಲ್ಲವೋ ತೆಗೆದೇ ನೋಡೋಣ," ಎಂದುಬಿಟ್ಟಳು ಅನುಸೂಯ. ಆಡಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಬೆಚ್ಚಿದಳು.

"ಬೇಡಮ್ಮ!" ಏಕಾಂತಪ್ಪನವರು ಎದ್ದುನಿಂತರು. "ಸರ್ಕಾರಿ ಸಾಮಾನು. ಬಿಚ್ಚಿ ಅದು ಮತ್ತೆ ಕೂರ್ಲಿಲ್ಲಾಂದ್ರೆ?"

ಅದೇ ಪ್ರಶ್ನೆ ಅವಳ ಒಳಗೂ ಕೂಗುತ್ತಿತ್ತು. ಇದಕ್ಕೆ ಅಳಿಸುವ ಕೀಲಿ ಇಲ್ಲ. ತರಬೇತಿಯಲ್ಲಿ ಯಾರೋ ಮೌಸಿನ ಹೊಟ್ಟೆಯ ಬಿಲ್ಲೆಯನ್ನು ತಿರುಗಿಸಿ ತೋರಿಸಿದ್ದರು. ಅವಳು ಎರಡನೇ ಸಾಲಿನಿಂದ ನೋಡಿದ್ದಳು, ಕೈ ಹಚ್ಚಿರಲಿಲ್ಲ. ಎದುರಿಗೆ ಮಕ್ಕಳು ಮಂಡಿಯ ಮೇಲೆ ಎದ್ದು, ಒಬ್ಬರ ಹೆಗಲ ಮೇಲೊಬ್ಬರು ಗದ್ದವಿಟ್ಟು ನೋಡುತ್ತಿದ್ದರು. ಕೋಣೆಯಿಂದ ಹೊರಗೆ ಹೋಗುವ ಸಾಲಿನಲ್ಲಿ ಕೈಕಟ್ಟಿ ನಡೆಯುತ್ತಿದ್ದ ಮಕ್ಕಳೇ ಇವರು.

"ಕೂರ್ಲಿಲ್ಲಾಂದ್ರೆ ನನ್ನ ಹೆಸರು ಬರ್ಕೊಳ್ಳಿ ಸಾರ್," ಎಂದಳು.

ಮೌಸನ್ನು ಬೋರಲು ಹಾಕಿದಳು. ಬಿಲ್ಲೆಯನ್ನು ತಿರುಗಿಸಿ ತೆಗೆದಳು. ಗೋಲಿಗಿಂತ ದಪ್ಪನೆಯ, ಭಾರದ ಬೂದುಬಣ್ಣದ ಗುಂಡು ಅವಳ ಅಂಗೈಗೆ ಉರುಳಿತು. ಅದರ ಮೈಗೆಲ್ಲ ಕೆಂಪು ಮೆತ್ತಿತ್ತು. ಒಳಗೆ ಎರಡು ಸಣ್ಣ ಉರುಳೆಗಳಿದ್ದವು. ಒಂದು ಅಡ್ಡ, ಒಂದು ಉದ್ದ, ಅವಳು ಬೋರ್ಡಿನ ಮೇಲೆ ಎಳೆಯುತ್ತಿದ್ದ ಎರಡು ಗೆರೆಗಳ ಹಾಗೆಯೇ. ಒಂದು ಉರುಳೆ ಸ್ವಚ್ಛವಾಗಿತ್ತು. ಇನ್ನೊಂದು ಕೆಂಪು ಅಂಟಿನಲ್ಲಿ ಹೂತುಹೋಗಿತ್ತು.

"ಅಯ್ಯಯ್ಯೋ, ನನ್ ಕುಂಕುಮ!" ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ಕಾಫಿ ಲೋಟ ಹಿಡಿದು ಚಂದ್ರಕ್ಕ ನಿಂತಿದ್ದಳು.

"ಹೊಟ್ಟೆಗೆ ಯಾಕೆ ಇಟ್ಟೆ ಚಂದ್ರಕ್ಕ?" ಎಂದಳು ಅನುಸೂಯ.

"ಮತ್ತೆಲ್ಲಿಗೆ ಇಡ್ಲಿ ಮೇಡಮ್ಮೋರೆ? ಲೂನಾಕ್ಕೆ ಚಕ್ರಕ್ಕೆ ಇಡ್ಲಿಲ್ವಾ? ಗಾಡಿಗೆ ಇಡಲ್ವಾ? ಓಡೋದು ಅಂದ್ಮೇಲೆ ಚಕ್ರಕ್ಕೆ ಇಡಬೇಕು. ಇದಕ್ಕೆ ಚಕ್ರ ಹೊಟ್ಟೇಲಿ ಐತೆ. ಸರಿಯಾಗೇ ಇಟ್ಟೀನಿ, ಧಾರಾಳವಾಗಿ!"

ಜುಂಜಯ್ಯ ಮೊದಲು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಚಂದ್ರಕ್ಕ ಲೋಟ ಕೆಳಗಿಟ್ಟು, ಪೂಜೆಯಲ್ಲಿ ಉಳಿದಿದ್ದ ಹೂಬತ್ತಿಗಳನ್ನು ತಂದುಕೊಟ್ಟಳು. ಪಲ್ಲವಿ ಹೂಬತ್ತಿಯಿಂದ ಉರುಳೆಯನ್ನು ಒರೆಸತೊಡಗಿದಳು. ಒರೆಸುವಾಗ ಅವಳ ಬೆರಳು ತಾಗಿ ಉರುಳೆ ತಿರುಗಿತು.

"ಮಿಸ್! ಬಾಣ ಮೇಲಕ್ಕೆ ಹೋಯ್ತು!" ಎಂದು ಮಕ್ಕಳೆಲ್ಲ ಒಟ್ಟಿಗೆ ಕೂಗಿದರು.

ಗುಂಡನ್ನು ಮತ್ತೆ ಒಳಗೆ ಹಾಕಬೇಕೆಂದಿದ್ದ ಅನುಸೂಯಳ ಕೈ ಅಲ್ಲೇ ನಿಂತಿತು. ಗುಂಡನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು.

"ಮಾರುತೇಶ, ನೀನು ಎಕ್ಸ್. ಈ ಉರುಳೆ ನಿಂದು. ಪಲ್ಲವಿ, ನೀನು ವೈ. ಒಬ್ಬರದನ್ನ ಒಬ್ಬರು ಮುಟ್ಟಬಾರದು. ಮೂರು-ಐದು."

"ಗುಂಡಿ ಯಾರು ಒತ್ತೋದು ಮಿಸ್? ಅದು ಅಡಿಗೆ ಹೋಗೈತೆ," ಎಂದಳು ಪಲ್ಲವಿ.

ಬೋರಲಾದ ಮೌಸನ್ನು ಯಾರಾದರೂ ಅಂಗೈಯಲ್ಲಿ ಹಿಡಿದು, ಕೆಳಗಿನಿಂದ ಗುಂಡಿ ಒತ್ತಬೇಕಿತ್ತು. ಅನುಸೂಯ ಸುತ್ತ ನೋಡಿದಳು. ಏಕಾಂತಪ್ಪನವರು ಆಗಲೇ ಅಂಗೈ ಚಾಚಿಕೊಂಡು ಬಂದಿದ್ದರು, ಪ್ರಸಾದಕ್ಕೆ ಒಡ್ಡಿದಂತೆ.

"ಕೊಡ್ರಿ, ನಾನು ಹಿಡ್ಕಂತೀನಿ. ನನ್ ಕೈ ಅಲುಗಾಡಲ್ಲ."

ಮಾರುತೇಶ ತನ್ನ ಉರುಳೆಯನ್ನು ಬೆರಳ ತುದಿಯಲ್ಲಿ ಉಜ್ಜಿದ. ಬಾಣ ಒಂದು, ಎರಡು, ಮೂರು ದಾಟಿ ನಾಲ್ಕಕ್ಕೆ ಹೋಯಿತು. "ಹಿಂದಕ್ಕೆ ಬಾರ್ಲೇ, ಎಕ್ಸೂ!" ಎಂದು ಮಕ್ಕಳು ಗದರಿದರು. ಅವನು ಹಿಂದಕ್ಕೆ ಬಂದ. ಪಲ್ಲವಿ ನಾಲಿಗೆ ಕಚ್ಚಿಕೊಂಡು ಮೇಲಕ್ಕೆ ಹೊರಟಳು. ಬಾಣ ಐದಕ್ಕೆ ಬಂತು.

"ಒತ್ಲಾ?" ಎಂದರು ಹೆಡ್‌ಮಾಸ್ಟರು, ಹೆಬ್ಬೆರಳು ಎತ್ತಿಟ್ಟುಕೊಂಡು.

"ಒತ್ರಿ ಸಾರ್!"

ಅವರು ಒತ್ತಿದರು. ಮೂರು-ಐದರಲ್ಲಿ ಒಂದು ಹಸಿರು ಕಾಯಿ ಬಿತ್ತು. ಕೋಣೆಯ ಸದ್ದು ಊರ ಬಸ್‌ಸ್ಟಾಪಿಗೆ ಕೇಳಿಸುವಷ್ಟಾಯಿತು.

"ಐದು-ಮೂರು!" ಎಂದರು ಜುಂಜಯ್ಯ, ಪಾಠ ತಮ್ಮದಲ್ಲವೆಂಬುದನ್ನು ಮರೆತು. ಮಾರುತೇಶ ಮುಂದಕ್ಕೆ ಹೋದ, ಪಲ್ಲವಿ ಕೆಳಕ್ಕಿಳಿದಳು. ಕಾಯಿ ಬೇರೆಲ್ಲೋ ಬಿತ್ತು. ಎರಡೂ ಒಂದೇ ಜಾಗವಲ್ಲ ಎಂದು ಅವತ್ತು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಆಮೇಲೆ ಇನ್ನಿಬ್ಬರು ಬಂದರು, ಅವರ ಹಿಂದೆ ಮತ್ತಿಬ್ಬರು. ಎಕ್ಸ್ ಆದವನು ವೈ ಆದವಳ ಮೇಲೆ ರೇಗಿದ, ವೈ ಆದವಳು ಎಕ್ಸನ್ನು ಮೊಣಕೈಯಲ್ಲಿ ತಿವಿದಳು. ಒಬ್ಬ ಹುಡುಗ ತಪ್ಪು ಜಾಗಕ್ಕೆ ಕಾಯಿ ಬೀಳಿಸಿ ಮುಖ ಚಿಕ್ಕದು ಮಾಡಿದ. ಅನುಸೂಯ ಅವನ ಬೆರಳುಗಳನ್ನು ಹಿಡಿದು ಆ ಎರಡು ಕೀಲಿಗಳನ್ನು ಒತ್ತಿಸಿದಳು. ಕಾಯಿ ಮಾಯವಾಯಿತು. ಹುಡುಗ ಅವಳ ಮುಖವನ್ನೇ ನೋಡಿದ.

"ಅಷ್ಟೆಯಾ ಮಿಸ್?"

"ಅಷ್ಟೇ. ಮತ್ತೆ ಇಡು."

ಚಂದ್ರಕ್ಕನಿಗೂ ಒಂದು ಸರದಿ ಬಂತು. ಕುಂಕುಮದ ಉರುಳೆಯೇ ತನಗೆ ಬೇಕೆಂದು ಅವಳು ಹಟ ಹಿಡಿದಳು. ಏಕಾಂತಪ್ಪನವರು ಬೆವರುತ್ತಿದ್ದರು, ಆದರೆ ಮೌಸನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ.

ಮಧ್ಯಾಹ್ನದ ಬಸ್ಸು ಹಾರನ್ ಹೊಡೆದು ಹೊರಟುಹೋದದ್ದನ್ನು ಅನುಸೂಯ ಒಬ್ಬಳೇ ಕೇಳಿಸಿಕೊಂಡಳು. ಜುಂಜಯ್ಯನವರಿಗೆ ಹೇಳಬೇಕೋ ಬೇಡವೋ ಎಂದು ಒದ್ದಾಡಿದಳು. ಅವರು ಎಕ್ಸ್ ಆಗಿ ಏಳರ ಹತ್ತಿರ ಸಿಕ್ಕಿಕೊಂಡಿದ್ದರು. ಹೇಳಲಿಲ್ಲ.

ಮಕ್ಕಳು ಊಟಕ್ಕೆ ಓಡಿದ ಮೇಲೆ ಜುಂಜಯ್ಯ ಚೀಲ ಎತ್ತಿಕೊಂಡರು. ಅನುಸೂಯ ಗುಂಡನ್ನು ಒರೆಸಿ, ಒಳಗೆ ಕೂರಿಸಿ, ಬಿಲ್ಲೆ ತಿರುಗಿಸಿದಳು. ಬಾಣ ಎಡಕ್ಕೂ ಬಲಕ್ಕೂ ಹೋಯಿತು, ಮೇಲಕ್ಕೂ ಕೆಳಕ್ಕೂ ಹೋಯಿತು.

"ಹಿರಿಯೂರಿನೋರಿಗೆ ಬೇರೆ ಎಲ್ಲಿಂದಾದ್ರೂ ಕೊಡಿಸ್ತೀನಿ," ಎಂದರು ಜುಂಜಯ್ಯ. "ಇದು ಇ‌ಲ್ಲೇ ಇರ್ಲಿ. ಆದ್ರೆ ಏಕಾಂತಪ್ಪನೋರೆ, ನಿಮ್ಮ ಮೊಮ್ಮಗನ್ನ ನೋಡಾಕೆ ನೀವು ಮತ್ತೆ ಮತ್ತೆ ಹೋಗ್ತೀರಲ್ಲ? ಹೋದಾಗೆಲ್ಲ ಈ ಕೋಣೆನೂ ಹೋಗಬಾರ್ದು ನೋಡ್ರಿ."

ಏಕಾಂತಪ್ಪನವರಿಗೆ ಅರ್ಥವಾಯಿತು. ಗೋಡೆಯ ಕಡೆ ತಿರುಗಿ, ಪಂಚೆಯ ಒಳಗೆ ಕೈಹಾಕಿ, ತುಸು ಹೊತ್ತು ಗಂಟಿನೊಂದಿಗೆ ಗುದ್ದಾಡಿದರು. ಈ ಕಡೆ ತಿರುಗಿದಾಗ ಬೀಗದ ಕೈ ಅವರ ಅಂಗೈಯಲ್ಲಿತ್ತು. ಮೌಸನ್ನು ಹಿಡಿದಿದ್ದ ಅದೇ ಅಂಗೈ.

"ತಗಳ್ರಮ್ಮ. ಸವೆದ್ರೆ ಸವೀಲಿ ಬಿಡ್ರಿ," ಎಂದರು. ಆಮೇಲೆ, "ಎಕ್ಸ್ ಆಗೋಕೆ ನನಗೆ ಸರದಿ ಬರ್ಲೇ ಇಲ್ಲ. ನಾಳೆ ಗುಂಡಿ ಬೇರೆ ಯಾರಾದ್ರೂ ಒತ್ಲಿ," ಎಂದು ಸೇರಿಸಿದರು.

ಸಂಜೆ ಅನುಸೂಯ ಕೋಣೆಗೆ ಬೀಗ ಹಾಕಿ, ಎಳೆದು ನೋಡಿ, ಬಸ್ಸು ಹತ್ತಿದಳು. ಗೇಟಿನವರೆಗೆ ಹೋಗಿ ವಾಪಸು ಬಂದು ಮತ್ತೆ ಎಳೆಯಲಿಲ್ಲ. ಕಿಟಕಿಯ ಪಕ್ಕ ಸುಮ್ಮನೆ ಕೂತಳು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಅವಳು ಕೇಳುವುದನ್ನು ಕಾದ. ಕೇಳಲಿಲ್ಲ. ಅವನಿಗೇ ಸಮಾಧಾನವಾಗದೆ, "ಹೊಸದುರ್ಗಕ್ಕೇ ಹೋಗ್ತೈತೆ ಮೇಡಂ" ಎಂದ. ಚಿಲ್ಲರೆ ತೆಗೆದುಕೊಳ್ಳುವಾಗ ಅವಳ ಬೆರಳ ತುದಿಗಳಲ್ಲಿ ಇನ್ನೂ ಉಳಿದಿದ್ದ ಕೆಂಪು ಅವನಿಗೆ ಕಂಡಿತು.

"ಏನ್ ಮೇಡಂ, ಸ್ಕೂಲಲ್ಲಿ ಪೂಜೆ ಇತ್ತಾ?"

"ಆವತ್ತೇ ಆಗಿತ್ತು," ಎಂದಳು ಅನುಸೂಯ. "ಇವತ್ತು ಕದಲಿಸಿದ್ವಿ."